ಕಾಲಂನಲ್ಲಿ ಬಿಟ್ಟುಹೋದ ಊರು

ಪ್ರೀತಿಯ ತಬಸ್ಸುಮ್,

ನಿಮ್ಮ ದೇಶಕ್ಕೂ ನಮ್ಮ ದೇಶಕ್ಕೂ ಟಪಾಲು ಬಂದ್ ಆಗಿದೆ, ಹಾಗಾಗಿ ಈ ಕಾಗದಕ್ಕೆ ಅಂಚೆಚೀಟಿ ಹಚ್ಚುವ ಕೆಲಸವಿಲ್ಲ. ಆದರೂ ಬರೆಯುತ್ತಿದ್ದೇನೆ. ಬಾಯಿಮಾತಿನಲ್ಲಿ ಹೇಳಹೋದರೆ ನಡುವೆ ಜಾರಿಕೊಳ್ಳುತ್ತೇನೆ. ಜಾರಿಕೊಳ್ಳುವುದರಲ್ಲಿ ನಾನೆಷ್ಟು ಪಳಗಿದವಳೆಂದು ಕೊನೆಗೆ ನಿನಗೇ ತಿಳಿಯುತ್ತದೆ. ಬರುವ ಶುಕ್ರವಾರ ನಮಾಜು ಮುಗಿಸಿ ನಿನ್ನ ಅಕ್ಕನ ಮಗ ಸಲಾವುದ್ದೀನ್ ಎಂದಿನಂತೆ ನಿನಗೆ ಕರಾಚಿಗೆ ಫೋನು ಹಚ್ಚುತ್ತಾನೆ. ಮೊದಲು ನಾನು ಮಾತಾಡುತ್ತೇನೆ ಎಂದು ಹೇಳಿಟ್ಟಿದ್ದೇನೆ. ಆಗ ಇದನ್ನು ಓದುತ್ತೇನೆ. ಮುಗಿಯುವ ತನಕ ಕಟ್ ಮಾಡಬೇಡ.

ಕಮಲಾಪುರದ ಶಾಲೆಯಲ್ಲಿ ಏಳನೆಯ ತನಕ ಒಂದೇ ಗೋಣಿತಟ್ಟಿನ ಮೇಲೆ ಕೂತವರು ನಾವು. ಆಮೇಲೆ ನೀನು ನಿಕಾಹ್ ಆಗಿ ಕರಾಚಿಯ ಚಿಕ್ಕಪ್ಪನ ಮನೆಗೆ ಸೊಸೆಯಾಗಿ ಹೋದೆ, ನಾನು ಅದೇ ಶಾಲೆಯಲ್ಲಿ ಟೀಚರ್ ಆದೆ. ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದೆ. ನಮ್ಮ ಸರ್ಕಾರ, ನಮ್ಮ ಆರ್ಥಿಕತೆ, ನೆರೆ ದೇಶಗಳ ಜೊತೆ ನಮ್ಮ ಸಂಬಂಧ. ಭಾರತ-ಪಾಕಿಸ್ತಾನದ ಪ್ರಶ್ನೆಗೆ ನಾಲ್ಕು ಅಂಶ ಬಾಯಿಪಾಠ ಮಾಡಿಸುತ್ತಿದ್ದೆ: ಗಡಿ, ನೀರು, ವ್ಯಾಪಾರ, ಮಾತುಕತೆ. ಅಂಶಕ್ಕೊಂದು ಅಂಕ. ನನಗೂ ಆ ಕಡೆ ಒಬ್ಬ ಗೆಳತಿ ಇದ್ದಾಳೆ ಎಂದು ಒಂದು ದಿನವೂ ಮಕ್ಕಳ ಮುಂದೆ ಹೇಳಲಿಲ್ಲ. ಯಾರು ಏನಂದುಕೊಂಡಾರೋ ಎಂಬ ಅಂಜಿಕೆ. ಆದರೆ ಇವತ್ತು ಹೇಳಬೇಕಾದದ್ದು ಅದಲ್ಲ, ಅದಕ್ಕಿಂತ ದೊಡ್ಡದು.

ನಿನ್ನ ಅಕ್ಕ, ನಮ್ಮಿಬ್ಬರ ಆಪಾ, ಕಮಲಾಪುರದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಚಳಿಗಾಲ ನೆನಪಿದೆಯಲ್ಲ. ಹಾಸಿಗೆಯಿಂದ ಅಲುಗಾಡಿಸಬೇಡಿ ಎಂದರು ಡಾಕ್ಟರು. ಕಣ್ಣು ಅದಕ್ಕೂ ಮೊದಲೇ ಹೋಗಿತ್ತು. ಫೋನಿನಲ್ಲಿ ನಿನ್ನ ಮುಖ ತೋರಿಸಿದರೂ ಆಕೆಗೆ ಕಾಣುವಂತಿರಲಿಲ್ಲ, ಕೈಯಿಂದ ಮುಟ್ಟಿ ನೋಡಬೇಕಿತ್ತು. ಅದಕ್ಕೇ ನಿನ್ನನ್ನು ಕರೆಸುವುದೆಂದಾಯಿತು. ಸಲಾವುದ್ದೀನ್ ಆಹ್ವಾನದ ಫಾರಂ ಹಿಡಿದು ಕಲಬುರಗಿಯ ಮೋಮಿನಪುರದ ತನ್ನ ಮನೆಯಿಂದ ನೆಟ್ಟಗೆ ನನ್ನ ಮನೆಗೇ ಬಂದ. "ಅಮ್ಮಿ ನಿಮ್ಮ ಕೈಲೇ ಬರಸ್ಕೊಂಡು ಬಾ ಅಂದಾಳ್ರಿ ಟೀಚರ್. ತಪ್ಪಾಗಬಾರ್ದು ನೋಡ್ರಿ," ಅಂದ. ನಾನು ಕನ್ನಡಕ ಒರೆಸಿಕೊಂಡು ಕೂತೆ. ಭೇಟಿ ಕೊಡುವ ಊರುಗಳು ಎಂಬ ಕಾಲಂ ಬಂತು. ಕಲಬುರಗಿ ಎಂದು ಬರೆದು ಮುಂದಕ್ಕೆ ಹೋದೆ.

ಅಷ್ಟೇ, ತಬಸ್ಸುಮ್. ಅಷ್ಟೇ ಆದದ್ದು. ನಾವು ಯಾರಾದರೂ ಹೊರಗಿನವರಿಗೆ ಕಮಲಾಪುರ ಅಂತೀವೇನು? ಗುಲ್ಬರ್ಗಾದವರು ಅಂತೀವಿ. ಗುಲ್ಬರ್ಗಾ ಅಂದರೆ ಎಲ್ಲ ಬಂತು. ಜಿಲ್ಲೆ ಬೇರೆ, ತಾಲೂಕು ಬೇರೆ, ಊರು ಬೇರೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸಿದವಳ ಕೈ ಅಂದು ಊರಿನ ಮಾತನ್ನೇ ಬರೆದುಬಿಟ್ಟಿತು. ಸಲಾವುದ್ದೀನ್ ನನ್ನ ಮೇಲಿನ ಭರವಸೆಯಲ್ಲಿ ಓದದೆ ಸಹಿ ಮಾಡಿದ. ಅಲ್ಲಿ ನಿನ್ನ ಏಜೆಂಟ್ ಅದನ್ನೇ ನೋಡಿ ವೀಸಾ ಅರ್ಜಿಗೆ ಇಳಿಸಿಕೊಂಡ. ವೀಸಾದಲ್ಲಿ ಹೆಸರಿದ್ದ ಊರು ಬಿಟ್ಟು ಇನ್ನೊಂದು ಊರಿಗೆ ಕಾಲಿಡುವಂತಿಲ್ಲ. ನಿಮ್ಮವರಿಗೆ ಇಲ್ಲಿ, ನಮ್ಮವರಿಗೆ ಅಲ್ಲಿ, ಅದೇ ಕಾಯಿದೆ.

ಏಪ್ರಿಲ್ ಬಿಸಿಲಲ್ಲಿ ನೀನು ಬಂದೆ. ಮೋಮಿನಪುರದ ಆ ಇಕ್ಕಟ್ಟಿನ ಅಂಗಳದಲ್ಲಿ ನನ್ನ ಕುತ್ತಿಗೆಗೆ ಬಿದ್ದು ಅತ್ತೆ. ಮರುದಿನ ಸಲಾವುದ್ದೀನ್ ನಿನ್ನ ಕಾಗದ ನೋಡಿ ಮುಖ ಸಣ್ಣ ಮಾಡಿದ. ನೀನು ನನ್ನ ಕಡೆ ತಿರುಗಿ, "ನೋಡಿದೇನ ಶಂಕ್ರಿ, ನಿಮ್ಮ ಸರ್ಕಾರ ನನ್ನ ಊರೇ ಕತ್ತರಿಸಿ ಒಗದಾದ!" ಅಂದೆ. ನಾನು ಬಾಯಿ ತೆರೆದೆ. ನಿಜ ಹೇಳಲಿಕ್ಕೇ ತೆರೆದೆ ಅನಿಸುತ್ತದೆ. ಹೊರಗೆ ಬಂದದ್ದು ಮಾತ್ರ, "ಏನ್ ಮಾಡೋದವ್ವಾ, ಸರ್ಕಾರ ಅಂದ್ರ ಹಂಗೇ." ಎಲ್ಲರೂ ಹೌದೌದು ಅಂದರು. ಸರ್ಕಾರದ ಮೇಲೆ ಹಾಕಿದ ತಪ್ಪನ್ನು ಯಾರು ತಿರುಗಿಸಿ ನೋಡುತ್ತಾರೆ?

ವೀಸಾದಲ್ಲಿ ಊರಿನ ಹೆಸರು ಸೇರಿಸಲು ವಿದೇಶಿಯರ ನೋಂದಣಿ ಕಚೇರಿಗೆ ಅರ್ಜಿ ಕೊಡಬಹುದಿತ್ತು. ಅದಕ್ಕೆ ಹಳೆಯ ಫಾರಂನ ನಕಲು ಹಚ್ಚಬೇಕಿತ್ತು, ಅದರಲ್ಲಿ ನನ್ನ ಅಕ್ಷರವಿತ್ತು. ಇವತ್ತು ರಜೆ ಅಂದೆ, ನಾಳೆ ಸಾಹೇಬರಿಲ್ಲ ಅಂದೆ, ನಾಡಿದ್ದು ನನಗೇ ತಲೆನೋವು ಅಂದೆ. ನೀನು ನಂಬಿದೆ. ಬರಿ ಒಂದು ತಾಸು ಹೋಗಿ ಬರೋಣವೆಂದು ಸಲಾವುದ್ದೀನ್ ಅಂದಾಗ ಕಾಯಿದೆ ಹೇಳಿ ತಡೆದವಳೂ ನಾನೇ. ಕೊನೆಗೆ ನಕಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬಳೇ ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗಿ, "ಮೊದಲೇ ಬರಬೇಕಿತ್ತಲ್ರಿ ಅಮ್ಮ. ಇರ್ಲಿ, ಎರಡು-ಮೂರು ದಿನದಾಗ ಆಗ್ತದ," ಅಂದಳು. ಆ ಮೊದಲಿನ ಮಾತು ಇವತ್ತಿಗೂ ಕಿವಿಯಲ್ಲಿ ಕೂತಿದೆ.

ಆ ಸಂಜೆ ನಾವಿಬ್ಬರೂ ಕೋಟೆಗೆ ಹೋಗಿದ್ದೆವು. ಕಮಲಾಪುರ ಯಾವ ದಿಕ್ಕಿಗೆ ಎಂದು ಕೇಳಿದೆ ನೀನು. ಕೈ ತೋರಿಸಿದೆ. ನಲವತ್ತು ಕಿಲೋಮೀಟರ್ ಸಹ ಇಲ್ಲ. ಬರುವಾಗ ರಸ್ತೆಯಲ್ಲಿ ಹುಮನಾಬಾದ್ ಬಸ್ಸು ನಿಂತಿತ್ತು. ಅದರ ಬೋರ್ಡಿನ ಮೇಲೆ ನಮ್ಮ ಊರಿನ ಹೆಸರು. ಎಷ್ಟೋ ವರ್ಷ ಕನ್ನಡ ಓದದ ನೀನು ಒಂದೊಂದೇ ಅಕ್ಷರ ಕೂಡಿಸಿ, ಕ-ಮ-ಲಾ-ಪು-ರ ಎಂದು ಓದಿ ಚಪ್ಪಾಳೆ ತಟ್ಟಿದೆ. ನಾನು ಬೇರೆ ಕಡೆ ನೋಡಿದೆ.

ಮರುದಿನ ಕಾಶ್ಮೀರದ ಸುದ್ದಿ ಬಂತು. ತಿರುಗಾಡಲು ಹೋದವರನ್ನು ಕೊಂದಿದ್ದರು. ನೀನೂ ನಾನೂ ಟಿ.ವಿ. ಮುಂದೆ ಕೂತು ಅತ್ತೆವು. ಅದರ ಮರುದಿನವೇ ನಿಮ್ಮ ದೇಶದವರೆಲ್ಲ ಹೊರಡಬೇಕೆಂಬ ಹುಕುಂ. ಸತ್ತವರ ಮನೆಯವರನ್ನು ನೆನೆದು ಆ ಹುಕುಮಿಗೆ ನಾನು ಏನೂ ಅನ್ನಲಾರೆ. ಆದರೆ ನಾಲ್ಕು ದಿನ ಮೊದಲೇ ನಾನು ಆ ಕಚೇರಿಯ ಮೆಟ್ಟಿಲು ಹತ್ತಿದ್ದರೆ, ಹುಕುಂ ಬರುವ ಹೊತ್ತಿಗೆ ನೀನು ಆಪಾನ ಮಗ್ಗುಲಲ್ಲಿ ಇರುತ್ತಿದ್ದೆ. ಅಕ್ಷರದ ತಪ್ಪಿಗೆ ಯಾರಾದರೂ ಮಾಫಿ ಕೊಟ್ಟಾರು. ಆ ನಾಲ್ಕು ದಿನಕ್ಕೆ ಯಾರ ಹತ್ತಿರ ಕೇಳಲಿ?

ಹೊರಡುವಾಗ, ನಿನ್ನ ಮದುವೆಯಲ್ಲಿ ನಮ್ಮವ್ವ ಮಾಡಿದ ಹಾಗೆ ನಿನ್ನ ಓಢಣಿಯಲ್ಲಿ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ. ಉತ್ತತ್ತಿ ಮಾತ್ರ ನೀನು ಆಪಾಗೆಂದು ತಂದ ಚೀಲದಿಂದಲೇ ತೆಗೆದೆ. ನಮ್ಮ ಕಡೆ ಮದುಮಗಳ ಉಡಿಗೆ ಬೀಳುತ್ತಿದ್ದ ಉತ್ತತ್ತಿ ನಿಮ್ಮ ಸಿಂಧಿನವೆಂದೂ, ಸುಂಕ ಏರಿ ತುಟ್ಟಿಯಾದವೆಂದೂ ಕಿರಾಣಿ ಅಂಗಡಿಯ ಮರೆಪ್ಪ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ವ್ಯಾಪಾರ ಎಂಬ ಅಂಶಕ್ಕೆ ಅಂಕ ಹಾಕುತ್ತಿದ್ದ ನನಗೆ! ನೀನು ಅಳುತ್ತಲೇ ನಕ್ಕೆ: "ನಮ್ಮ ಕಡೀ ಉತ್ತತ್ತಿ ನಮ್ಮ ಕಡೀಗೇ ಕಳಸಾಕತ್ತೀಯಲ್ಲೇ, ಶಂಕ್ರಿ!"

ಉಳಿದ ಉತ್ತತ್ತಿಗಳನ್ನು ಕಮಲಾಪುರಕ್ಕೆ ಒಯ್ದೆ. ಅವಕ್ಕೆ ವೀಸಾ ಬೇಕಿರಲಿಲ್ಲ. ಹಾಲಿನಲ್ಲಿ ನೆನೆಹಾಕಿ, ಮೆತ್ತಗೆ ಮಾಡಿ ಆಪಾನ ಬಾಯಿಗೆ ಇಟ್ಟೆ. ಬಹಳ ಹೊತ್ತು ಚಪ್ಪರಿಸಿದಳು. ತಬಸ್ಸುಮ್ ಕೈ ಹ್ಯಾಂಗ ಆಗ್ಯಾವ, ಒರಟು ಆಗ್ಯಾವೇನು ಎಂದು ಕೇಳಿದಳು. ಆಗ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆಂದು ತಲೆ ಬಗ್ಗಿಸಿ ಕೂತೆ. ಆಕೆ ತಡಕಾಡಿ ನನ್ನ ಮುಖ ಹುಡುಕಿ, ಕಣ್ಣು ಒರೆಸಿ, ಹೀಗಂದಳು: "ಅಕಿಗಿ ಹೇಳಬ್ಯಾಡ, ಶಂಕ್ರಮ್ಮ. ಸರ್ಕಾರಕ್ಕ ಬೈಕೋತ ಇರ್ಲಿ, ಸರ್ಕಾರ ಇರೋದೇ ಬೈಸ್ಕೊಳ್ಳಾಕ. ನಾ ಹೋದ ಮ್ಯಾಲ ಈ ಊರಾಗ ಅಕಿಗಿ ನೀ ಒಬ್ಬಾಕಿನೇ. ನಿನ್ನೂ ಕಳ್ಕೊಂಡ್ರ ಅಕಿ ಯಾರ ಊರಂತ ಬರ್ತಾಳ?"

ಆಪಾ ಮೊಹರಂ ಆದ ಮೇಲೆ ಹೋದಳು. ಆಕೆಗೆ ಕೊಟ್ಟ ಮಾತಿಗಾಗಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಹೋದ ಶುಕ್ರವಾರ ಫೋನಿನಲ್ಲಿ ನೀನು, "ನೀ ಒಬ್ಬಾಕಿ ನನ್ನ ಸಲುವಾಗಿ ಕಚೇರಿ ತಿರುಗಿದಿ, ನಿನ್ನಂಥಾಕಿ ಯಾರಿಗೂ ಸಿಗಂಗಿಲ್ಲ," ಅಂದೆ. ಅದನ್ನು ಕೇಳಿದ ಮೇಲೆಯೇ ಈ ಕಾಗದ ಬರೆಯಲು ಕೂತೆ. ನನ್ನದಲ್ಲದ ಹೊಗಳಿಕೆಯನ್ನು ಇನ್ನು ಹೊರಲಾರೆ.

ಊರು ಕತ್ತರಿಸಿದ್ದು ಸರ್ಕಾರ ಅಲ್ಲ, ತಬಸ್ಸುಮ್. ನಾನು. ಓದಿ ಮುಗಿಸಿದ ಮೇಲೆ ಫೋನು ಕಿವಿಗೆ ಹಿಡಿದು ಕೂತಿರುತ್ತೇನೆ. ಬೈಯಿ. ಸುಮ್ಮನೆ ಕಟ್ ಮಾಡಿದರೂ ನ್ಯಾಯವೇ. ಆದರೆ ಮುಂದಿನ ಶುಕ್ರವಾರವೂ ಅದೇ ಹೊತ್ತಿಗೆ ಸಲಾವುದ್ದೀನನ ಮನೆಯಲ್ಲಿ ಕೂತಿರುತ್ತೇನೆ, ಅದರ ಮುಂದಿನ ಶುಕ್ರವಾರವೂ.

ಒಂದು ದಿನ ಬಾಗಿಲು ತೆರೆದೀತು. ನಾವಿಬ್ಬರೂ ಇರುವಾಗಲೇ ತೆರೆಯಲಿ. ಆಗ ಫಾರಂ ತುಂಬಲು ಬೇಕಾದೀತು, ಕೆಳಗಿನ ವಿಳಾಸವನ್ನು ನಿನ್ನ ಮೊಮ್ಮಗನಿಗೆ ಈಗಲೇ ಬರೆದಿಟ್ಟುಕೊಳ್ಳಲು ಹೇಳು. ನಿನ್ನ ಉಡಿ ತುಂಬಿರಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ತಪ್ಪು ಮಾಡಿದ ಗೆಳತಿ,
ಶಂಕ್ರಿ
ಊರು ಕಮಲಾಪುರ, ತಾಲೂಕು ಕಮಲಾಪುರ, ಜಿಲ್ಲೆ ಕಲಬುರಗಿ