ಕರೆಂಟ್ ವಾಪಸ್ ಕಳಿಸಲು ಎಲ್ಲಿ ಅರ್ಜಿ ಕೊಡಬೇಕು?

ಹಿರಿಯ ನಾಗರಿಕರ ನ್ಯಾಯಮಂಡಳಿಯ ಪೀಠದಲ್ಲಿ ಕೂರುವ ಮಾನ್ಯ ಉಪವಿಭಾಗಾಧಿಕಾರಿಗಳೇ,

ನಿಮ್ಮ ಕಚೇರಿಯಿಂದ ಈ ವಾರ ಒಂದು ನೋಟಿಸ್ ಹೊರಡಲಿದೆ. ಅದು ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಗೆ ತಲುಪಿದ ದಿನ ಎಪ್ಪತ್ನಾಲ್ಕು ವರ್ಷದ ತಾಯಿಯೊಬ್ಬರಿಗೆ ಏನಾಗುತ್ತದೆ ಎಂಬುದು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ಗೊತ್ತಿದ್ದರೆ ಕಳಿಸಲಾರಿರಿ ಎಂದು ನಂಬಿ ಬರೆಯುತ್ತಿದ್ದೇನೆ. ಆ ನೋಟಿಸಿಗೆ ಕಾರಣವಾದ ಅರ್ಜಿಯನ್ನು ಬರೆದುಕೊಟ್ಟವನು ನಾನೇ. ಲಾಠಿ ಏಟು ತಿಂದಿದ್ದೇನೆ, ಎರಡು ಸಲ ಜೈಲಿನ ಅನ್ನವನ್ನೂ ತಿಂದಿದ್ದೇನೆ. ಹೀಗೆ ಹೆದರಿದ್ದು ನೆನಪಿಲ್ಲ.

ಆಕೆಯನ್ನು ಗಂಗಲಕ್ಷ್ಮಮ್ಮ ಎಂದು ಕರೆಯೋಣ, ಮಗನನ್ನು ಹರಿಪ್ರಸಾದ್ ಎನ್ನೋಣ. ನಿಜವಾದ ಹೆಸರುಗಳಲ್ಲ. ಪತ್ರಿಕೆಯಲ್ಲಿ ಇದನ್ನು ಓದಿ ತನ್ನ ಮನೆಯ ಕಥೆ ಎಂದು ಅವನಿಗೆ ಅನ್ನಿಸೀತೇ ಎಂಬ ಅಂಜಿಕೆ ಇದ್ದೇ ಇದೆ. ಆದರೆ ಹಾಗೆ ಅನ್ನಿಸುವವನು ಈ ಊರಿನಲ್ಲಿ ಅವನೊಬ್ಬನೇ ಇರಲಾರ. ಆ ಗುಂಪಿನ ಮರೆಯಲ್ಲಿ ಆಕೆ ಉಳಿದಾರು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮುಂದೆ ಎರಡು ಕೋಣೆ, ಹಿಂದೆ ನಾಲ್ಕು ಪವರ್‌ಲೂಮ್. ಮನೆ ತಾಯಿಯ ಹೆಸರಿನಲ್ಲಿದೆ. ತನ್ನ ಹೆಸರಿಗೆ ಬರೆದುಕೊಡು ಎಂದು ಮಗ. “ನಾನಿರೋವರ್ಗೂ ಇರ್ಲಿ, ಆಮೇಲೆ ನಿಂದೇ ಅಲ್ವೇನೋ” ಎಂದು ತಾಯಿ. ಈ ಮಾತಿಗೆ ಅವನು ಉತ್ತರ ಕೊಡುವುದು ಕೈಯಿಂದ. ಅದೂ ಮಗ್ಗ ಓಡುತ್ತಿರುವಾಗ ಮಾತ್ರ. ನಮ್ಮ ಬೀದಿಗಳಿಗೆ ನೀವು ಕಾರಿನ ಗಾಜು ಇಳಿಸಿಕೊಂಡು ಬಂದಿದ್ದರೆ ಗೊತ್ತಿರುತ್ತದೆ, ಪಕ್ಕದಲ್ಲಿ ನಿಂತವರ ಕಿವಿಗೆ ಬಾಯಿಟ್ಟು ಕೂಗಬೇಕು. ಗೋಡೆಯಾಚೆಯ ಅಳು ಯಾರಿಗೆ ಕೇಳಬೇಕು?

ನಮಗೆ ಕೇಳಿದ್ದು ಕರೆಂಟ್ ಹೋದಾಗ. ಹೋದ ವರ್ಷ ಬೇಸಿಗೆಯಲ್ಲಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು. “ಬಿಡಪ್ಪಾ, ಕೈ ಮುರೀತದೆ, ಬಿಡಪ್ಪಾ” ಎಂಬ ದನಿ ಎಲ್ಲರ ಮನೆಯೊಳಕ್ಕೂ ಬಂತು. ತಕ್ಷಣ ನಿಂತೂ ಹೋಯಿತು. ಬೀದಿ ಮೌನವಾದದ್ದು ಅವನಿಗೂ ಗೊತ್ತಾಗಿರಬೇಕು. ಎಲ್ಲರೂ ಬಾಗಿಲಿಗೆ ಬಂದೆವು.

“ಅದ್ಯಾವ್ದೋ ಧಾರಾವಾಹಿ ಇರ್ಬೇಕು ಬಿಡಿ” ಅಂದರು ಎದುರು ಮನೆಯ ವರಲಕ್ಷ್ಮಮ್ಮ.

“ಕರೆಂಟೇ ಇಲ್ವಲ್ಲಕ್ಕಾ, ನಿಮ್ಮ ಧಾರಾವಾಹಿ ಏನು ಸೀಮೆಎಣ್ಣೇಲಿ ಓಡ್ತದಾ?” ಅಂದ ಒಬ್ಬ.

ಯಾರೂ ನಗಲಿಲ್ಲ. ಯಾರೂ ಆ ಬಾಗಿಲನ್ನು ತಟ್ಟಲೂ ಇಲ್ಲ. ಯಾರೂ ಅಂದರೆ ನಾನೂ. ಕರೆಂಟ್ ಬಂತು, ಮಗ್ಗಗಳು ಶುರುವಾದವು, ಒಳಗೆ ಹೋದೆವು. ಬೇಗ ಬಂತಲ್ಲ ಎಂದು ಸಮಾಧಾನವಾಯಿತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಆಗಲೇ ನಮ್ಮ ಹೋರಾಟ ನಡೆಯುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಕರೆಂಟ್ ತೆಗೆದರೆ ನೇಕಾರ ಬದುಕುವುದು ಹೇಗೆ ಎಂದು ಧರಣಿ, ರಸ್ತೆ ತಡೆ, ಮುತ್ತಿಗೆ ಎಲ್ಲ ಮಾಡಿದೆವು. ಮುಂದೆ ನಿಂತು ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ. ಗೆದ್ದೆವು. ನಮ್ಮ ಕಡೆ ಕರೆಂಟ್ ಹೋಗುವುದೇ ಅಪರೂಪವಾಯಿತು. ಹಾರ ಹಾಕಿಸಿಕೊಂಡೆವು. ಅಲ್ಲಿಂದಾಚೆಗೆ ಆ ಮನೆಯಿಂದ ಯಾವ ದನಿಯೂ ಕೇಳಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆವು.

ಮೂರು ತಿಂಗಳ ಹಿಂದೆ ಪಡಿತರದ ಸಾಲಿನಲ್ಲಿ ನಿಂತಿದ್ದಾಗ ಗಂಗಲಕ್ಷ್ಮಮ್ಮ ನನ್ನ ಅಂಗಿ ಹಿಡಿದೆಳೆದರು. ಅವರ ಎಡಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು.

“ಏನಪ್ಪಾ ಲೀಡ್ರು, ಸ್ಟ್ರೈಕ್ ಮಾಡಿ ಕರೆಂಟ್ ತಂದ್ಯಲ್ಲ.”

“ಹೂಂ ಕಣಮ್ಮ.”

“ಅದನ್ನ ವಾಪಸ್ ಕಳ್ಸಕ್ಕೆ ಎಲ್ಲಿ ಅರ್ಜಿ ಕೊಡ್ಬೇಕು?”

ನಕ್ಕೆ. ಅವರೂ ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ದಿನಕ್ಕೊಂದು ಅರ್ಧ ಗಂಟೆ ಹೋದ್ರೂ ಸಾಕು ಕಣಪ್ಪ. ಮಗ್ಗ ನಿಂತ್ರೆ ಅವ್ನೂ ನಿಲ್ಲುಸ್ತಾನೆ. ಬೀದಿಗೆ ಕೇಳ್ತದಲ್ಲ, ಮರ್ಯಾದೆ ಹೋಗ್ತದೆ ಅಂತ.”

ಮಾನ್ಯರೇ, ಆ ತಾಯಿಗಿದ್ದ ಒಂದೇ ಒಂದು ರಕ್ಷಣೆ ಲೋಡ್ ಶೆಡ್ಡಿಂಗ್! ಅದನ್ನೂ ನಾವು ಹೋರಾಡಿ ಕಿತ್ತುಕೊಂಡಿದ್ದೆವು. ಹಾಗಾದರೆ ಸರ್ಕಾರ ಕೊಟ್ಟಿದ್ದ ರಕ್ಷಣೆ ಯಾವುದು? ಸಹಾಯವಾಣಿ ಇದೆ. ಆಕೆ ಒಮ್ಮೆ ಅದಕ್ಕೂ ಫೋನ್ ಮಾಡಿದ್ದರಂತೆ. “ಅಜ್ಜೀ, ಏನೂ ಕೇಳಿಸ್ತಿಲ್ಲ, ಸೌಂಡ್ ಇಲ್ಲದ ಕಡೆ ಹೋಗಿ ಮಾತಾಡಿ” ಅಂದಳಂತೆ ಆ ಕಡೆಯ ಹುಡುಗಿ. “ಸೌಂಡ್ ಇಲ್ಲದ ಕಡೆ ಹೋದ್ರೆ ಅವ್ನಿಗೆ ಕೇಳಿಸ್ತದೆ ತಾಯಿ” ಎಂದು ಇವರು ಫೋನ್ ಇಟ್ಟುಬಿಟ್ಟರಂತೆ. ಆ ಹುಡುಗಿಯದೂ ತಪ್ಪಲ್ಲ. ಫೋನಿನಲ್ಲಿ ಕೇಳಿಸಿಕೊಳ್ಳಲು ಒಬ್ಬರಿದ್ದಾರೆ, ಎದ್ದು ಬಂದು ನೋಡಲು ಯಾರನ್ನೂ ನೇಮಿಸಿಲ್ಲ.

ಕಾನೂನು ಇದೆಯಲ್ಲ ಎಂದು ನಾನೇ ಹೇಳಿದೆ. ಒಪ್ಪಿಸಲು ಎರಡು ತಿಂಗಳು ಹಿಡಿಯಿತು. “ನಾನಿದ್ದೀನಿ ಬಾಮ್ಮ” ಅಂದೆ. ಆ ಮಾತು ನಂಬಿ ಅರ್ಜಿಗೆ ಸಹಿ ಹಾಕಿದರು. ನಿಮ್ಮ ಕಚೇರಿ ಮೂರೇ ದಿನದಲ್ಲಿ ನಂಬರ್ ಹಾಕಿತು. ಇಷ್ಟು ಚುರುಕು ಕೆಲಸವನ್ನು ನಾನು ಕಂಡಿರಲಿಲ್ಲ, ಖುಷಿಪಟ್ಟೆ. ಮೊನ್ನೆ ಗುಮಾಸ್ತರು ಫೋನ್ ಮಾಡಿದರು: “ಸಾರ್, ಅರ್ಜಿದಾರರದ್ದೂ ಎದುರುದಾರರದ್ದೂ ಒಂದೇ ಅಡ್ರೆಸ್ಸು. ಇಬ್ಬರದೂ ಒಂದೇ ಕವರ್‌ಗೆ ಹಾಕಿ ಕಳಿಸ್ಬಿಡ್ಲಾ?”

ಆ ಕ್ಷಣಕ್ಕೆ ನನಗೆ ಅರ್ಥವಾಯಿತು ನಾನೇನು ಮಾಡಿದ್ದೇನೆ ಎಂದು. ವಿಚಾರಣೆ ಮುಂದಿನ ತಿಂಗಳ ಕೊನೆಗೆ. ನೋಟಿಸ್ ತಲುಪಿದ ದಿನದಿಂದ ಲೆಕ್ಕ ಹಾಕಿದರೆ ಮೂವತ್ತೆಂಟು ದಿನ. ಅಷ್ಟೂ ದಿನ ಆಕೆ ಎಲ್ಲಿರಬೇಕು? ಅಂಚೆಯವರು ನಮ್ಮ ಬೀದಿಗೆ ಬರುವುದು ಮಗ್ಗಗಳು ಭರದಿಂದ ಓಡುವ ಹೊತ್ತಿನಲ್ಲಿ. ಕವರ್ ಬಿಚ್ಚುವವನು ಮಗ. ಮನೆ ಬರೆದುಕೊಡಲಿಲ್ಲವೆಂದು ಮಣಿಕಟ್ಟು ಮುರಿದವನು, ತಾಯಿ ತನ್ನ ಮೇಲೆಯೇ ದೂರು ಕೊಟ್ಟಿದ್ದಾಳೆಂದು ಓದಿದ ಮೇಲೆ ಯಾವುದನ್ನು ಮುರಿಯುತ್ತಾನೆ? ನಿಮ್ಮ ನೋಟಿಸಿನಲ್ಲಿ ಅದಕ್ಕೊಂದು ಕಲಂ ಇದೆಯೇ?

ನಾನು ಸುಮ್ಮನೆ ಕೂತಿಲ್ಲ. ನೆಲಮಂಗಲದ ಕಡೆ ಒಂದು ವೃದ್ಧಾಶ್ರಮಕ್ಕೆ ಹೋದೆ. “ಮಗನ ಒಪ್ಪಿಗೆ ಪತ್ರ ತನ್ನಿ” ಅಂದರು. ಹೊಡೆಯುವವನ ಹತ್ತಿರ ಹೋಗಿ, ನಿನ್ನ ಕೈಗೆ ಸಿಗದಂತೆ ನಿನ್ನ ತಾಯಿಯನ್ನು ಬಚ್ಚಿಡುತ್ತಿದ್ದೇವೆ, ಇಲ್ಲೊಂದು ಸಹಿ ಹಾಕಪ್ಪಾ ಎನ್ನಬೇಕಂತೆ! ಠಾಣೆಯಲ್ಲಿ “ಕರೆಸಿ ಬುದ್ಧಿ ಹೇಳ್ತೀವಿ” ಅಂದರು. ಬುದ್ಧಿ ಹೇಳಿಸಿಕೊಂಡು ಅವನು ಹೋಗುವುದು ಯಾವ ಮನೆಗೆ? ನಮ್ಮ ಮನೆಗೇ ಬನ್ನಿ ಎಂದು ಗಂಗಲಕ್ಷ್ಮಮ್ಮನವರಿಗೆ ಅಂದೆ. “ನಿಮ್ಮನೆಗೂ ನಮ್ಮನೆಗೂ ಮೂರು ಬಾಗ್ಲು ಕಣಪ್ಪ. ನಿನ್ ಹೆಂಡ್ತಿ ಕೈನೂ ಸೊಟ್ಟ ಮಾಡಿಸ್ಬೇಡ” ಅಂದರು.

2007ರ ಕಾಯ್ದೆಯಲ್ಲಿ ಜಿಲ್ಲೆಗೊಂದಾದರೂ ವೃದ್ಧಾಶ್ರಮದ ಮಾತಿದೆ. ರಾಜ್ಯ ಸರ್ಕಾರ ಅದನ್ನು ಸ್ಥಾಪಿಸ‘ಬಹುದು’. ಈ ‘ಬಹುದು’ ಎಂಬ ಮೂರಕ್ಷರದಲ್ಲಿ ಎಷ್ಟು ಮುದುಕಿಯರು ಕಾಲು ಚಾಚಿ ಮಲಗಬಹುದು ಸ್ವಾಮಿ? ಪ್ರತಿ ವರ್ಷ ಜೂನ್ ಹದಿನೈದಕ್ಕೆ ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಜಾಗೃತಿ ಮೂಡಿಸುತ್ತೀರಿ. ಬ್ಯಾನರಿಗೆ ಅನುದಾನವಿದೆ, ಶಾಲಿಗೆ ಅನುದಾನವಿದೆ, ಹಾಸಿಗೆಗೆ ಇಲ್ಲ. ಆ ಬ್ಯಾನರನ್ನೇ ನೆಲಕ್ಕೆ ಹಾಸಿ ಮಲಗಿಸೋಣವೇ? ದೇವನಹಳ್ಳಿಯಲ್ಲಿ ಅಷ್ಟೊಂದು ವಿಮಾನಗಳಿಗೆ ಇಳಿಯಲು ಜಾಗ ಕೊಟ್ಟ ಜಿಲ್ಲೆ ಇದು. ಒಂದು ಮಂಚ ಹಾಕಲು ಜಾಗ ಸಿಗಲಿಲ್ಲವೇ?

ನಾನು ಕೇಳುವುದು ದೊಡ್ಡದೇನಲ್ಲ. ತಾಲ್ಲೂಕಿಗೊಂದು ನಾಲ್ಕು ಹಾಸಿಗೆಯ ಮನೆ. ಮಗನ ಸಹಿ ಕೇಳದೆ ಅದರ ಬಾಗಿಲು ತೆಗೆಯುವ ಒಂದು ಜೀವ. ತಿಂಗಳಿಗೊಮ್ಮೆ ಬಂದು, ಮಗ್ಗ ನಿಲ್ಲಿಸಿ, ಅಜ್ಜಿಯರನ್ನು ಆಚೆ ಕರೆದು ಮಾತಾಡಿಸುವ ಒಬ್ಬ ಕಾರ್ಯಕರ್ತೆ, ಆಕೆಗೆ ತಪ್ಪದೆ ಸಂಬಳ. ಇಷ್ಟಕ್ಕೂ ಬರುವ ಬಜೆಟ್ಟಿನಲ್ಲಿ ಪ್ರತ್ಯೇಕ ಹಣ ಇಡಬೇಕೆಂದು ನೀವು ಮೇಲಕ್ಕೆ ಬರೆಯಬೇಕು. ಬರೆದದ್ದನ್ನು ಕಚೇರಿಯ ಗೋಡೆಗೆ ಅಂಟಿಸಬೇಕು, ನಾವು ಓದಬೇಕು. ಅಲ್ಲಿಯವರೆಗೆ ಒಂದೇ ಸೂರಿನ ಕೆಳಗಿರುವವರಿಗೆ ಜಾಗ ತೋರಿಸದೆ ಯಾವ ನೋಟಿಸೂ ಹೊರಡಬಾರದು.

ಇದೆಲ್ಲ ಆಗಲು ವರ್ಷಗಳು ಬೇಕು. ಆ ಕವರಿಗೆ ಬೇಕಾಗಿರುವುದು ಎರಡು ದಿನ. ಇವತ್ತು ವಿಚಾರಿಸಿದೆ, ಇನ್ನೂ ನಿಮ್ಮ ಸಹಿಗೆ ಕಾದಿದೆಯಂತೆ. ಕಡತ ಬೇಗ ವಿಲೇವಾರಿ ಮಾಡಿ ಎಂದು ಮೂವತ್ತು ವರ್ಷ ನಿಮ್ಮಂಥವರ ಕಚೇರಿಗಳ ಮುಂದೆ ಕೂಗಿದ ಗಂಟಲು ಇದು. ಅದೇ ಗಂಟಲಿನಿಂದ ಬೇಡುತ್ತಿದ್ದೇನೆ. ಆಕೆಗೊಂದು ಹಾಸಿಗೆ ಸಿಗುವವರೆಗೆ ತಡ ಮಾಡಿ. ಮೀಟಿಂಗಿಗೆ ಹೋಗಿ, ರಜೆ ಹಾಕಿ, ಪೆನ್ನು ಕಳೆದುಕೊಳ್ಳಿ. ನಿಮಗೆ ಅಭ್ಯಾಸವಿಲ್ಲದ ಕೆಲಸವನ್ನೇನೂ ನಾನು ಕೇಳುತ್ತಿಲ್ಲ.

ಇಂತಿ,
ಮನವಿ ಪತ್ರಗಳ ಕೆಳಗೆ ದಪ್ಪಕ್ಷರದಲ್ಲಿ ಹೆಸರು ಬರೆದು ರೂಢಿಯಿದ್ದು,
ಈ ಸಲ ಬರೆಯಲು ಧೈರ್ಯ ಸಾಲದ
ಆ ಬೀದಿಯ ಒಬ್ಬ ನಿವಾಸಿ