ಲೋಟದ ಮೇಲಿನ ರಟ್ಟು

ಕಲೋನ್, ಶನಿವಾರ

ಅಕ್ಕಾ,
ನನ್ನ ಮಗಳು ವಾಲ್ಲಿ ಮೆಚ್ಚಿರೋ ಹುಡುಗ ಸೆವೆರಿನ್‌ನ ಪಬ್ಬಿನಿಂದಲೇ ಬರೀತಿದ್ದೀನಿ. ತಾನೇ ತಯಾರಿಸಿದ ಬಿಯರು ತಂದಿಟ್ಟ. ಬಾರ್ಲಿ ಸಾಲದಂತೆ, ಗೋಧಿ, ಓಟ್ಸು, ರೈ, ಇನ್ನೂ ಏನೇನೋ ಸುರಿದಿದ್ದಾನೆ.

"ಕೋಳಿಗೆ ಹಾಕೋ ಕಾಳೆಲ್ಲ ಇದರಲ್ಲೇ ಇದೆಯಲ್ಲಯ್ಯ!" ಅಂದೆ.

"ಕುಡಿದು ನೋಡಿ, ಮಾವ."

ಮಾವನಂತೆ, ಈಗಲೇ! ಮೂಸಿ ಮೂಸಿ ಒಂದು ಗುಟುಕು ಕುಡಿದೆ. ರೊಟ್ಟಿಯ ವಾಸನೆ. ಮೊಣಕಾಲು ಹಿಡಿದಿತ್ತು, ನಾಲ್ಕು ಹೆಜ್ಜೆ ಓಡಾಡಲು ಎದ್ದೆ. ನಮ್ಮ ಬವೇರಿಯಾದಲ್ಲಿ ಮಾಡೋ ಹಾಗೆ, ಹುಳ ಬೀಳದಿರಲಿ ಅಂತ ಲೋಟದಡಿ ಇಡೋ ರಟ್ಟನ್ನೇ ಅದರ ಮೇಲೆ ಮುಚ್ಚಿಟ್ಟು ಹೋದೆ. ಬಂದು ನೋಡಿದರೆ ಲೋಟವೇ ಇಲ್ಲ, ಮೇಜಿನ ಹತ್ತಿರ ಕೂತಿದ್ದ ವಾಲ್ಲಿ ಕಣ್ಣಲ್ಲಿ ನೀರು. ಇಲ್ಲಿ ರಟ್ಟು ಮುಚ್ಚಿದರೆ "ಇನ್ನು ಬೇಡ, ಸಾಕು" ಅಂತ ಅರ್ಥವಂತೆ! ಹುಡುಗನೇ ಬೇಡ ಅಂದೆ ಅಂದುಕೊಂಡಿದ್ದಳು. ಗಾಬರಿಯಲ್ಲಿ "ಇನ್ನೊಂದು ತಾರಯ್ಯ, ಅಳಿಯ" ಅಂದುಬಿಟ್ಟೆ. ಪಬ್ಬಿಗೆ ಪಬ್ಬೇ ಚಪ್ಪಾಳೆ ಹೊಡೀತು.

ಅವನು ಆ ಲೋಟ ಎತ್ತಿದ್ದು ಬೇಕಂತಲೇ ಅಂತ ನನಗಿನ್ನೂ ಗುಮಾನಿ.

ನಿನ್ನ ತಮ್ಮ,
ಆಲೋಯಿಸ್