ಬಿಸ್ಕಿಟ್‌ಗೆ ಹುಷಾರಿರಲಿಲ್ಲ

ಹೆಲೆನ್ಸ್‌ಬರೋ,
ಮಾರ್ಚ್ 29, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ, ಮುದ್ದಿನ, ನೀರೊಳಗೆ ಅಡಗಿ ಕೂತಿರುವ ಗ್ರೆಗರ್,

ಹೇಗಿದ್ದೀಯ? ನಿದ್ದೆ ಸರಿಯಾಗಿ ಬರುತ್ತಿದೆಯಾ? ಬೆನ್ನುನೋವು ಹೇಗಿದೆ? ಮೂರನೇ ವಾರಕ್ಕೆ ತಾಜಾ ಹಣ್ಣು ಮುಗಿಯುತ್ತದೆ, ಆಮೇಲೆ ಬರೀ ಡಬ್ಬಿಯದು ಅಂತ ನೀನೇ ಅಂದಿದ್ದೆ. ಒಸಡಿನಲ್ಲಿ ರಕ್ತ ಬರುತ್ತಿಲ್ಲ ತಾನೆ? ಗಡ್ಡ ಎಷ್ಟುದ್ದ ಬಂದಿದೆ? ನನ್ನ ಮುಖ ನೆನಪಿದೆಯಾ? ಇಷ್ಟು ಕೇಳಿ ಒಂದಕ್ಕೂ ಉತ್ತರ ಸಿಗದ ಹೆಂಡತಿಯರು ಈ ಊರಿನ ತುಂಬ ಇದ್ದಾರೆ, ಗೊತ್ತು. ಆದರೆ ಮದುವೆಯಾದ ಇಪ್ಪತ್ತೇಳನೇ ದಿನಕ್ಕೆ ಗಂಡನನ್ನು ಸಮುದ್ರದಡಿಗೆ ಕಳಿಸಿಕೊಟ್ಟವಳು ನಾನೊಬ್ಬಳೇ ಇರಬೇಕು. ಮದುವೆಯ ಕೇಕಿನ ಮೇಲಿನ ಅಂತಸ್ತು ಇನ್ನೂ ಫ್ರೀಜರಿನಲ್ಲಿದೆ. ಅದರ ಪಕ್ಕದಲ್ಲಿ ನಿನ್ನ ಮುದ್ದಿನ ಹಾವು ಬಿಸ್ಕಿಟ್‌ನ ಊಟದ ಇಲಿಗಳಿವೆ, ಇಲಿಗಳ ಪಕ್ಕದಲ್ಲಿ ಔಷಧಿ ತುಂಬಿದ ಸಿರಿಂಜುಗಳಿವೆ. ಹೊಸ ಸೊಸೆಯ ಫ್ರೀಜರ್ ಅಂದರೆ ಹೀಗಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ!

ಸಿರಿಂಜು ಯಾಕೆ ಅಂತ ಹೇಳುತ್ತೇನೆ. ಇದು ವಾರಕ್ಕೊಮ್ಮೆ ಕಳಿಸುವ ನೂರಿಪ್ಪತ್ತು ಪದಗಳ ಸಂದೇಶವಲ್ಲ, ಕಾಗದ. ಜಲಾಂತರ್ಗಾಮಿ ದಡ ಮುಟ್ಟಿದ ಮೇಲೆ ನಿಮಗೆಲ್ಲ ಹಂಚುವ ಅಂಚೆಚೀಲಕ್ಕೆ ನಾಳೆ ಬೆಳಿಗ್ಗೆ ಇದನ್ನು ಹಾಕಬೇಕು. ಇದನ್ನು ಯಾರೂ ನಿನಗಿಂತ ಮೊದಲು ಓದುವುದಿಲ್ಲ, ಇದರಿಂದ ಯಾವ ಸಾಲನ್ನೂ ತೆಗೆಯುವುದಿಲ್ಲ. ಅದಕ್ಕೇ ಇದರಲ್ಲಿ ನಿಜ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ನಿಮ್ಮಮ್ಮ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ, ಬಿಸ್ಕಿಟ್ ತನ್ನ ಪೆಟ್ಟಿಗೆಯಲ್ಲಿ ಉಸಿರಾಡುತ್ತಿದ್ದಾನೆ. ಆದರೆ ಫೆಬ್ರವರಿಯಿಂದ ಈಚೆಗೆ ನಾನು ಬರೆದ 'ಬಿಸ್ಕಿಟ್ ಭರ್ಜರಿಯಾಗಿ ಎರಡು ಇಲಿ ತಿಂದ', 'ಬಿಸ್ಕಿಟ್ ಚೆಂದವಾಗಿ ಪೊರೆ ಬಿಟ್ಟ' ಎಲ್ಲ ಸುಳ್ಳು. ಆರು ವಾರದಷ್ಟು ಸುಳ್ಳು. ಅದು ದೊಡ್ಡ ತಪ್ಪಲ್ಲ. ಅದಕ್ಕಿಂತ ಕೆಟ್ಟದ್ದೊಂದನ್ನು ನಿಮ್ಮಮ್ಮನಿಗೆ ಮಾಡಿದ್ದೇನೆ. ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಾಳು. ಇವತ್ತು ನನಗೆ ಎಲ್ಲ ಕೆಲಸವೂ ನಿಧಾನ.

ಫೆಬ್ರವರಿ ಮೂರನೇ ತಾರೀಕು, ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಡುವ ಮೊದಲು ಟೋಸ್ಟ್ ತಿನ್ನುತ್ತಿದ್ದೆ. ಕೆಟಲ್ ಸಿಳ್ಳೆ ಹಾಕುತ್ತಿದೆ ಅನ್ನಿಸಿತು. ನಮ್ಮ ಕೆಟಲ್‌ಗೆ ಸಿಳ್ಳೆಯೇ ಇಲ್ಲವಲ್ಲ! ಹುಡುಕಿಕೊಂಡು ಹೋದರೆ ಸದ್ದು ಬಿಸ್ಕಿಟ್‌ನ ಗಾಜಿನ ಪೆಟ್ಟಿಗೆಯಿಂದ ಬರುತ್ತಿತ್ತು. ಸೂರು ಎಲ್ಲಿ ಸೋರುತ್ತಿದೆ ಅಂತ ನೋಡುವವರ ಹಾಗೆ ತಲೆ ಎತ್ತಿ, ಬಾಯಿ ಅರ್ಧ ತೆರೆದು ನಿಂತಿದ್ದ. ಮೂಗಿನ ತುದಿಯಲ್ಲಿ ಒಂದು ಪುಟ್ಟ ಗುಳ್ಳೆ ಊದುತ್ತಿತ್ತು, ಒಡೆಯುತ್ತಿತ್ತು. ಹಿಂದಿನ ವಾರ ಇಲಿಯನ್ನು ಮುಟ್ಟದೆ ಬಿಟ್ಟಿದ್ದಾಗ ನಿನ್ನ ನೆನಪಾಗಿರಬೇಕು ಅಂದುಕೊಂಡಿದ್ದೆ ನೋಡು, ನಾನೆಂಥ ಪೆದ್ದಿ! ಪಟ್ಟಣದ ನಾಯಿ-ಬೆಕ್ಕಿನ ಡಾಕ್ಟರಿಗೆ ಫೋನ್ ಮಾಡಿದೆ. 'ಹಾವು ನಮ್ಮಲ್ಲಿ ನೋಡಲ್ಲ ಕಣಮ್ಮ, ಗ್ಲ್ಯಾಸ್ಗೋಗೆ ಹೋಗಿ' ಅಂದರು. ನನಗೆ ಕಾರು ಓಡಿಸಲು ಬರುವುದಿಲ್ಲ. ಆಮೇಲೆ ಇನ್ಯಾರಿಗೆ ಮಾಡಲಿ? ನಿಮ್ಮಮ್ಮನಿಗೆ ಮಾಡಿದೆ.

ಹತ್ತೊಂಬತ್ತು ವರ್ಷ ನಿನ್ನ ಹಾವಿದ್ದ ಕೋಣೆಗೆ ಕಾಲಿಡದ ಮೋರಾಗ್ ಅತ್ತೆ ಹದಿನೈದು ನಿಮಿಷಕ್ಕೆ ಬಾಗಿಲಲ್ಲಿ ನಿಂತಿದ್ದರು, ಚರ್ಚಿಗೆ ಹಾಕುವ ಕೋಟು ತೊಟ್ಟುಕೊಂಡು. ಮದುವೆಗೆ ಉಡುಗೊರೆ ಬಂದ ಕಸೂತಿ ದಿಂಬಿನ ಚೀಲದೊಳಗೆ ಬಿಸ್ಕಿಟ್‌ನನ್ನು ಇಳಿಸಿ ಗಂಟು ಹಾಕಿ, ಬಿಸಿನೀರಿನ ಚೀಲದ ಜೊತೆ ತೊಡೆಯ ಮೇಲಿಟ್ಟುಕೊಂಡೆ. 'ಆ ಗಂಟು ಬಿಗಿಯಾಗಿದೆ ತಾನೆ? ಬಿಚ್ಕೊಂಡ್ರೆ ನಾನು ಕಾರನ್ನ ನದಿಗೇ ಬಿಡ್ತೀನಿ, ಹೇಳಿರ್ತೀನಿ' ಅಂದರು. ಡಂಬಾರ್ಟನ್ ದಾಟಿದ ಮೇಲೆ ರಸ್ತೆಯಿಂದ ಕಣ್ಣು ತೆಗೆಯದೆಯೇ, 'ಐಲ್ಸ, ಒಂದು ಮಾತು ಹೇಳ್ತೀನಿ, ಬೈಬೇಡ ಕಣೇ' ಅಂದರು. ಹಿಂದಿನ ವಾರ ನಾನು ಅಂಗಡಿಯಲ್ಲಿದ್ದಾಗ ಮನೆ ಗುಡಿಸಿ ಹೋಗಲು ಬಂದಿದ್ದರಂತೆ. ವ್ಯಾಕ್ಯೂಮ್ ಹಾಕಲು ಪ್ಲಗ್ ಬೇಕಾಗಿ ಪೆಟ್ಟಿಗೆಯ ಹೀಟರಿನ ಪ್ಲಗ್ ಕಿತ್ತರಂತೆ, ಮತ್ತೆ ಹಾಕಲು ಮರೆತರಂತೆ. ಸಂಜೆ ನಾನು ಬಂದು ಹಾಕಿದ್ದೆ, ನನಗೆ ನೆನಪಿತ್ತು. ನಾನೇ ಕಾಲಲ್ಲಿ ಎಡವಿ ಕಿತ್ತಿರಬೇಕು ಅಂದುಕೊಂಡಿದ್ದೆ. ಅವರಿಗೆ ಅದು ಏಳು ದಿನದಿಂದ ಎದೆಯಲ್ಲಿ ಕೂತಿತ್ತು. 'ಅವನು ಬಂದು ಕೇಳಿದ್ರೆ ನಾನೇನು ಹೇಳ್ಲಿ? ಅವರಪ್ಪ ತೀರ್ಕೊಂಡ ವರ್ಷ ಹುಡುಗ ಮಾತಾಡ್ತಿದ್ದಿದ್ದು ಆ ಪ್ರಾಣಿ ಜೊತೆ ಮಾತ್ರ' ಅಂದರು. ಇದನ್ನು ನೀನು ನನಗೆ ಯಾವತ್ತೂ ಹೇಳಿರಲಿಲ್ಲ, ಗ್ರೆಗರ್.

ಆಸ್ಪತ್ರೆಯೊಳಗೆ ಅವರು ಬರಲಿಲ್ಲ. ಅಲ್ಲಿ ಇನ್ನೂ ಬೇರೆ ಹಾವುಗಳಿರುತ್ತವೆ ಅಂತ ಕಾರಿನಲ್ಲೇ ಕೂತರು. ಡಾಕ್ಟರ್ ಬೀಟ್ಸನ್ ನನಗಿಂತ ಚಿಕ್ಕವಳ ಹಾಗೆ ಕಾಣುತ್ತಾಳೆ, ಮೊಣಕೈವರೆಗೆ ಗೀರುಗಳು. ಬಿಸ್ಕಿಟ್‌ನ ಬಾಯಿ ತೆರೆದು ನೋಡಿದಳು, ಹತ್ತಿ ಕಡ್ಡಿಯಲ್ಲಿ ಒರೆಸಿ ತೆಗೆದಳು, ಎಕ್ಸ್‌ರೇ ಮಾಡಿದಳು. ಶ್ವಾಸಕೋಶದಲ್ಲಿ ಸೋಂಕು. ನಾನು ಪ್ಲಗ್ಗಿನ ಕಥೆ ಹೇಳಿದೆ. 'ಒಂದು ಮಧ್ಯಾಹ್ನದ ಚಳಿಗೆ ಇಷ್ಟಾಗಲ್ಲ, ಇದು ವಾರಗಟ್ಟಲೆಯದು. ಕೆಳಗೆ ಏನು ಹಾಸಿದೀರಿ?' ಅಂತ ಕೇಳಿದಳು.

ಕೆಳಗೆ ಏನು ಹಾಸಿದ್ದೆ ಗೊತ್ತಾ? ನೀನು ಬರೆದಿಟ್ಟುಹೋದ ಪಟ್ಟಿಯಲ್ಲಿ 'ಹಳೇ ಪೇಪರ್' ಅಂತಿತ್ತು. ನೀನು ಹೋದ ಮೂರನೇ ದಿನ ಅತ್ತು ಅತ್ತು ಸಾಕಾಗಿ, ಮನೆಯನ್ನು ಚೆಂದ ಮಾಡೋಣ ಅಂತ ಎದ್ದೆ. ನನ್ನ ಗಂಡನ ಅಷ್ಟು ಚೆಲುವಾದ ಹಾವು ಹಳೇ ಪೇಪರಿನ ಮೇಲೆ ಮಲಗುವುದೇ? ನಮ್ಮಪ್ಪನ ಮರಗೆಲಸದ ಶೆಡ್ಡಿನಿಂದ ಒಂದು ಚೀಲ ತಂದೆ. ಹತ್ತರಿ ಹೊಡೆದಾಗ ಬೀಳುವ ಪೈನ್ ಮರದ ಸುರುಳಿಗಳು, ಜೇನಿನ ಬಣ್ಣದವು. ಅಪ್ಪ ಬೇರೆ, 'ನಿನ್ನ ಹೊಸ ಸಂಸಾರಕ್ಕೆ ನನ್ನದೂ ಒಂದು ಹಾಸಿಗೆ' ಅಂತ ನಕ್ಕಿದ್ದರು. ಇಡೀ ಮನೆ ಕಾಡಿನ ಹಾಗೆ ಘಮಘಮ ಅನ್ನುತ್ತಿತ್ತು! ವಾರ ವಾರ ಹೊಸದು ತಂದು ಹಾಕಿದೆ. ಆ ಘಮವೇ ಹಾವಿನ ಶ್ವಾಸಕೋಶವನ್ನು ಸುಡುತ್ತದಂತೆ. ಡಾಕ್ಟರ್ ಬೈಯಲಿಲ್ಲ. 'ತುಂಬಾ ಜನ ಹೀಗೆ ಮಾಡ್ತಾರೆ' ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಕಾರಿಗೆ ವಾಪಸ್ ಬಂದೆ. ನಿಮ್ಮಮ್ಮ ಸ್ಟಿಯರಿಂಗನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದರು, ನಿಂತ ಕಾರಿನಲ್ಲಿ. 'ಏನಂದ್ರು? ಚಳಿಯಿಂದಾನೇ ಅಲ್ವಾ?' ಅಂದರು. ನಾನು, 'ಬೆಚ್ಚಗಿಡಬೇಕಂತೆ ಅತ್ತೆ' ಅಂದೆ. ಅಷ್ಟೇ ಗ್ರೆಗರ್, ಅಷ್ಟೇ ಅಂದಿದ್ದು. ಮನೆಗೆ ಹೋಗಿ ಹೇಳೋಣ ಅಂದುಕೊಂಡೆ. ಮನೆಗೆ ಬಂದ ಮೇಲೆ ಅವರು ಕೋಟು ಬಿಚ್ಚಿ ತೋಳು ಮಡಚಿ, 'ಸೂಜಿ ಹೇಗೆ ಚುಚ್ಚೋದು ತೋರಿಸು. ನಾನು ಮಾಡಿದ್ದು, ನಾನೇ ನೋಡ್ಕೋತೀನಿ' ಅಂದರು. ತೋರಿಸಿಕೊಟ್ಟು ಸಿರಿಂಜನ್ನು ಅವರ ಕೈಗಿಟ್ಟೆ. ನಾನು ಬಾಯಿ ಮುಚ್ಚಿಕೊಂಡೆ.

ಮೂರು ದಿನಕ್ಕೊಂದು ಇಂಜೆಕ್ಷನ್, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮೈಯ ಮುಂಭಾಗದಲ್ಲೇ ಕೊಡಬೇಕು. ಬೆಳಿಗ್ಗೆ-ಸಂಜೆ ಇಪ್ಪತ್ತು ನಿಮಿಷ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ ಔಷಧಿಯ ಆವಿ ಹಿಡಿಸಬೇಕು. ಪೆಟ್ಟಿಗೆ ತೊಳೆಯಬೇಕು, ಪೇಪರ್ ಬದಲಿಸಬೇಕು, ಶಾಖ ಬರೆದಿಡಬೇಕು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಸಾವಿರದ ಆರುನೂರ ನಲವತ್ತು ಗ್ರಾಮ್ ಇದ್ದವನು ಸಾವಿರದ ಮುನ್ನೂರ ಎಂಬತ್ತಕ್ಕೆ ಇಳಿದ. ಬೆನ್ನಿನ ಮೂಳೆ ಕೈಗೆ ಸಿಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಕನ್ನಡಕ ಇಡುವಾಗ ನನಗೆ ನಿಂತಲ್ಲೇ ತೂಕಡಿಕೆ. ಸಂಜೆ ಆರಕ್ಕೆ ಬಂದರೆ ನಿಮ್ಮಮ್ಮ ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ಬಿಸ್ಕಿಟ್‌ಗೆ ಗದರಿಸುತ್ತಿರುತ್ತಾರೆ: 'ಏ ಸೋಮಾರಿ, ಉಸಿರು ಎಳ್ಕೋ. ನನ್ನ ಮಗ ಬರೋತನಕ ಸತ್ತೆ ಅಂದ್ರೆ ನಿನ್ನ ಚರ್ಮದಲ್ಲಿ ಬೆಲ್ಟ್ ಮಾಡಿಸ್ತೀನಿ ನೋಡು.' ಒಲೆಯ ಮೇಲೆ ನನಗಂತ ಸೂಪು ಇರುತ್ತಿತ್ತು. ಕುಡಿಯುತ್ತಿದ್ದೆ. ಅವರು ಬರದಿದ್ದರೆ ನನ್ನ ಕೈಲಾಗುತ್ತಿರಲಿಲ್ಲ. ನಿಜ ಹೇಳಿದರೆ ಬರುವುದನ್ನು ನಿಲ್ಲಿಸುತ್ತಾರೆ ಅನ್ನುವ ಲೆಕ್ಕಾಚಾರ ನನ್ನೊಳಗೆ ಇತ್ತು. ನಿನ್ನ ಹೆಂಡತಿ ಇಂಥವಳು.

ನಿನಗಾದರೂ ತಿಳಿಸೋಣ ಅಂತ ಒಂದು ವಾರದ ಸಂದೇಶದಲ್ಲಿ 'ಬಿಸ್ಕಿಟ್‌ಗೆ ಹುಷಾರಿಲ್ಲ, ತಪ್ಪು ನನ್ನದು' ಅಂತ ಸೇರಿಸಿದ್ದೆ. ನಮ್ಮ ಸಂದೇಶಗಳನ್ನು ನಿಮಗೆ ಕಳಿಸುವ ಮೊದಲು ಓದಿ ನೋಡುವ ನೇವಿ ಕಚೇರಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. 'ಈ ಬಿಸ್ಕಿಟ್ ಯಾರಮ್ಮ, ಮಗೂನಾ?' ಹಾವು ಅಂದೆ. 'ನೋಡಮ್ಮ, ಹಾವಾದ್ರೂ ಕೆಟ್ಟ ಸುದ್ದಿ ಕೆಟ್ಟ ಸುದ್ದೀನೇ. ಅವರು ಅಲ್ಲಿ ಕಿಟಕಿ ಇಲ್ಲದ ಜಾಗದಲ್ಲಿ ಕೂತಿದ್ದಾರೆ, ತಿರುಗಿ ಕೇಳೋ ಹಾಗಿಲ್ಲ, ಬರೋ ಹಾಗಿಲ್ಲ. ತೆಗೆದುಬಿಡ್ಲಾ?' ಅಂದಳು. ಅವಳ ಮಾತು ಸರಿಯೇ. ತೆಗೆಯಿರಿ ಅಂದೆ. ಆ ವಾರದ ಸಂದೇಶದಲ್ಲಿ ಬಿಸ್ಕಿಟ್‌ಗೆ ಮೊದಲನೇ ಜೊತೆ ಸುಳ್ಳು ಇಲಿ ತಿನ್ನಿಸಿದೆ.

ನಿಮ್ಮಮ್ಮ ಅದಕ್ಕಿಂತ ಮುಂದೆ ಹೋಗಿದ್ದರು. ಚರ್ಚಿನಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸುವ ಪಟ್ಟಿಗೆ ಹೆಸರು ಸೇರಿಸಿದ್ದರು, ಹಾವು ಅಂತ ಹೇಳದೆ. ಪಾದ್ರಿಗಳು ಗಂಭೀರವಾಗಿ 'ಎದೆಯ ಸೋಂಕಿನಿಂದ ನರಳುತ್ತಿರುವ ನಮ್ಮ ಗೆಳೆಯ ಬಿಸ್ಕಿಟ್' ಅಂತ ಓದಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ, 'ಪಾಪ, ನೇವಿ ಹುಡುಗರಿಗೆ ಎಂತೆಂಥಾ ಅಡ್ಡಹೆಸರು!' ಅಂದರು. ನನಗೆ ನಗು ತಡೆಯಲಾಗದೆ ಪಕ್ಕಕ್ಕೆ ನೋಡಿದೆ. ನಿಮ್ಮಮ್ಮನ ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ನನ್ನ ನಗು ಅಲ್ಲೇ ನಿಂತಿತು.

ಕಳೆದ ಶನಿವಾರ ಬಿಸ್ಕಿಟ್ ತಿಂದ. ಇದು ಸುಳ್ಳಲ್ಲ! ಒಂದು ಚಿಕ್ಕ ಇಲಿ. ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಚಿಮಟದಲ್ಲಿ ಹಿಡಿದು ಆಡಿಸಿದವರು ನಿಮ್ಮಮ್ಮನೇ. ಬಿಸ್ಕಿಟ್ ಬಹಳ ಹೊತ್ತು ನಾಲಿಗೆ ಚಾಚಿ ನೋಡಿ, ಆಮೇಲೆ ಹಿಡಿದುಬಿಟ್ಟ. ಸಿಳ್ಳೆ ನಿಂತು ಹತ್ತು ದಿನವಾಗಿತ್ತು. ನಾನು ಕುಣಿದಾಡಿದೆ. ನಿಮ್ಮಮ್ಮ ಚಿಮಟ ಕೆಳಗಿಟ್ಟು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, 'ಉಳಿಸ್ಕೊಟ್ಟೆಯಲ್ಲಪ್ಪಾ, ಉಳಿಸ್ಕೊಟ್ಟೆ' ಅಂತ ಅತ್ತರು. ದೇವರಿಗೆ ಹೇಳಿದರೋ ಹಾವಿಗೆ ಹೇಳಿದರೋ ತಿಳಿಯಲಿಲ್ಲ. ಆಗ ಹೇಳಬೇಕಿತ್ತು. ಹೇಳಲಿಲ್ಲ. ಸಂತೋಷದ ಹೊತ್ತು ಹಾಳಾಗುತ್ತದೆ ಅಂತ ನೆಪ ಹೇಳಿಕೊಂಡೆ. ಕಾರಿನಲ್ಲಿ ಹೇಳದ್ದನ್ನು ಮನೆಯಲ್ಲಿ ಹೇಳಲಾಗಲಿಲ್ಲ, ಮನೆಯಲ್ಲಿ ಹೇಳದ್ದನ್ನು ಮರುದಿನ ಹೇಳಲಾಗಲಿಲ್ಲ. ಒಂದೊಂದು ದಿನ ಹೋದ ಹಾಗೂ ಹೇಳಬೇಕಾದ ಮಾತು ದಪ್ಪವಾಗುತ್ತ ಬಂತು. ನನಗೆ ತುಂಬ ದಣಿವಾಗಿದೆ, ಗ್ರೆಗರ್. ಬಿಸ್ಕಿಟ್‌ನಿಂದ ಅಲ್ಲ.

ನಿನ್ನನ್ನು ಕೇಳಿದೆ ಅಂತ ಬರೆಯಲು ಅಪ್ಪ ಹೇಳಿದ್ದಾರೆ, ಅವರ ಪೈನ್ ಸುರುಳಿ ಮಾಡಿದ ಕೆಲಸ ಅವರಿಗೂ ಗೊತ್ತಿಲ್ಲ. ಬಿಸ್ಕಿಟ್ ಈಗ ಬೆಚ್ಚಗಿನ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು, ಹೋದ ವಾರದ ಪತ್ರಿಕೆಯ ಫುಟ್‌ಬಾಲ್ ಪುಟದ ಮೇಲೆ ಮಲಗಿದ್ದಾನೆ. ಬೇಗ ಬಾ. ಮೇಲೆ ಬಂದು ಗಾಳಿ ಕುಡಿ, ಬೆಳಕು ನೋಡು, ಆಮೇಲೆ ಮನೆಗೆ ಬಾ. ಬೈಯುವುದಿದ್ದರೆ ಅಪ್ಪಿಕೊಂಡ ಮೇಲೆ ಬೈಯಿ.

ಎಣಿಕೆಗೆ ಸಿಗದಷ್ಟು ಮುತ್ತುಗಳೊಂದಿಗೆ,
ನಿನ್ನ ಹೆಂಡತಿ (ಬರೆಯಲು ಇನ್ನೂ ನಾಚಿಕೆಯಾಗುತ್ತದೆ!)
ಐಲ್ಸ

ವಿ.ಸೂ. ಇದನ್ನು ಲಕೋಟೆಗೆ ಹಾಕುವಾಗ ನಿಮ್ಮಮ್ಮ ಸಂಜೆಯ ಆವಿ ಹಿಡಿಸಲು ಬಂದರು. ನಿನಗೆ ಬರೆದು ಅವರಿಗೆ ಹೇಳದಿರುವುದು ಸರಿಯಲ್ಲ ಅನ್ನಿಸಿತು. ಹೇಳಿಬಿಟ್ಟೆ, ಎಲ್ಲವನ್ನೂ, ನಿಂತಲ್ಲೇ. ಅವರು ಕೂಗಾಡಲಿಲ್ಲ. ಬಿಸ್ಕಿಟ್‌ಗೆ ಇಪ್ಪತ್ತು ನಿಮಿಷ ಪೂರ್ತಿ ಆವಿ ಹಿಡಿಸಿದರು, ಒರೆಸಿ ಪೆಟ್ಟಿಗೆಗೆ ಬಿಟ್ಟರು, ಕೈ ತೊಳೆದುಕೊಂಡರು. ಕೋಟಿನ ಗುಂಡಿ ಹಾಕುತ್ತ, 'ಇಷ್ಟು ವಾರ ನನ್ನ ಮಗನ ಮುಖ ಹೇಗೆ ನೋಡೋದು ಅಂತ ಒದ್ದಾಡಿದೀನಿ ಕಣೇ, ನಿನ್ನ ಎದುರಿಗೇ' ಅಂದು ಹೊರಟುಹೋದರು. ನಾಳೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಎಂಬತ್ತಾರು ದಿನದಿಂದ ನಿನ್ನ ದನಿಗೆ ಕಾಯುತ್ತಿದ್ದೇನೆ, ಆದರೂ ಬೇಡಿಕೊಳ್ಳುತ್ತೇನೆ: ದಡದಲ್ಲಿ ಫೋನು ಕೈಗೆ ಬಂದ ತಕ್ಷಣ ನನಗೆ ಮಾಡಬೇಡ. ಮೊದಲು ಅವರಿಗೆ ಮಾಡು.